ಬೆನ್ನು ಮೇಷ್ಟ್ರ ಆರು ಬನಿಯನ್ನುಗಳು

ನಮ್ಮಪ್ಪನ ಕೆಲಸ ಜಾರುವುದು. ಚಿಕ್ಕಂದಿನಲ್ಲಿ ಯಾರು ಕೇಳಿದರೂ ನಾನು ಹೀಗೇ ಹೇಳುತ್ತಿದ್ದೆ, ಕೇಳಿದವರು ನಗುತ್ತಿದ್ದರು. ಶಾಲೆಯಲ್ಲಿ ಒಮ್ಮೆ ಮಿಸ್ಸು ಎಲ್ಲರ ತಂದೆಯ ಉದ್ಯೋಗ ಬರೆದುಕೊಳ್ಳುತ್ತಾ ನನ್ನ ಹತ್ತಿರ ಬಂದಾಗ, "ನಮ್ಮಪ್ಪ ಫಾರಿನ್ನಲ್ಲಿ ಜಾರ್ತಾರೆ ಮಿಸ್, ಅದಕ್ಕೆ ಸಂಬಳ ಕೊಡ್ತಾರೆ" ಅಂದೆ. ಇಡೀ ಕ್ಲಾಸು ಗೊಳ್ಳೆಂದಿತು. ಮಿಸ್ಸು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ವಿದೇಶದಲ್ಲಿ ನೌಕರಿ" ಅಂತ ಬರೆದುಕೊಂಡು ಮುಂದಿನ ಬೆಂಚಿಗೆ ಹೋದರು.

ನಾನು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅಪ್ಪ ಇದ್ದದ್ದು ಸಮುದ್ರದ ಆಚೆಯ ಒಂದು ದೊಡ್ಡ ವಾಟರ್ ಪಾರ್ಕಿನಲ್ಲಿ. ರಜೆ ಬಂತೆಂದರೆ ದೇಶದೇಶಗಳಿಂದ ಸಂಸಾರ ಸಮೇತ ಜನ ಬಂದು ನೀರಿಗೆ ಬೀಳುವ ಜಾಗ. ಅಲ್ಲಿ ಆರು ದೊಡ್ಡ ಜಾರುಬಂಡೆಗಳು. ದೂರದಿಂದ ನೋಡಿದರೆ ಒಂದೊಂದೂ ಒಂದೇ ಉದ್ದದ ಕೊಳವೆಯ ಹಾಗೆ ಕಂಡರೂ, ಮೂವತ್ತು ನಲವತ್ತು ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿದ್ದು. ಎರಡು ತುಂಡು ಸೇರುವಲ್ಲೆಲ್ಲ ಅಂಟು ತುಂಬಿರುತ್ತಾರೆ. ಬಿಸಿಲು ಹೊಡೆದು, ಔಷಧಿ ಹಾಕಿದ ನೀರು ಹರಿದು ಆ ಅಂಟು ಎಲ್ಲೋ ಒಂದು ಕಡೆ ಕಿತ್ತುಬರುತ್ತದೆ, ಒಂದು ತುಂಡಿನ ಅಂಚು ಉಗುರಿನ ದಪ್ಪದಷ್ಟು ಮೇಲೇಳುತ್ತದೆ. ಒದ್ದೆಯಾಗಿದ್ದಾಗ ಅದು ಕಣ್ಣಿಗೆ ಕಾಣಿಸುವುದಿಲ್ಲ. ಮೈಭಾರ ಬಿದ್ದಾಗಲೇ ಅದು ಏಳುವುದಾದ್ದರಿಂದ ಕೈಗೂ ಸಿಕ್ಕುವುದಿಲ್ಲ. ಅದಕ್ಕೇ ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಬ್ಬ ಮನುಷ್ಯ ಬರೀ ಬೆನ್ನಲ್ಲಿ ಆರೂ ಜಾರುಬಂಡೆಗಳನ್ನು ಜಾರಬೇಕು. ಎಲ್ಲಾದರೂ ತರಚಿತೋ, ಚುಚ್ಚಿತೋ, ಅಲ್ಲಿ ಕೆಲಸವಿದೆ ಎಂದು ಹೇಳಬೇಕು. ಏನೂ ಇಲ್ಲದಿದ್ದರೆ ರಿಜಿಸ್ಟರಿನಲ್ಲಿ "ಸರಿ" ಎಂದು ಬರೆದು ಸಹಿ ಹಾಕಬೇಕು. ಆ ಸಹಿ ಬಿದ್ದ ಮೇಲೇ ಮೊದಲ ಮಗು ಮೆಟ್ಟಿಲು ಹತ್ತುವುದು.

ಇಪ್ಪತ್ತೆರಡು ವರ್ಷ ಆ ಸಹಿ ಅಪ್ಪನದು. ಅಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಕಡೆಯಿಂದ ಹೋದ ಒಂದಿಷ್ಟು ಜನ ಪಾರ್ಕಿನಲ್ಲಿದ್ದರು, ಅವರಿಟ್ಟ ಹೆಸರು "ಬೆನ್ನು ಮೇಷ್ಟ್ರು". ಹೊಸಬರಿಗೆ ಜಾರುವುದನ್ನು ಕಲಿಸುತ್ತಿದ್ದವನು ಅವನೇ. ಹನ್ನೊಂದನೇ ಜಾಯಿಂಟಿನ ಎಡಗಡೆ ಅಂತ ಕೊಳವೆಯಿಂದ ಎದ್ದು ಬಂದು ಹೇಳಿದರೆ, ರಿಪೇರಿಯವರು ಹೋಗಿ ನೋಡಿದಾಗ ಸರಿಯಾಗಿ ಅಲ್ಲೇ ಇರುತ್ತಿತ್ತಂತೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಅಮ್ಮ ಅವನ ಬೆನ್ನಿಗೆ ಮುಲಾಮು ಹಚ್ಚುತ್ತಾ, "ಬೇರೆಯವರ ಮನೆ ಗಂಡಸರು ಚಪ್ಪಲಿ ಸವೆಸ್ತಾರೆ, ನಮ್ಮನೆಯವರು ಬೆನ್ನು ಸವೆಸ್ತಾರೆ" ಅನ್ನುತ್ತಿದ್ದಳು. ಅಪ್ಪ ಬೋರಲಾಗಿ ಮಲಗಿಕೊಂಡೇ ನಗುತ್ತಿದ್ದ.

ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು. ಅವಳು ಒಂದು ಕಡೆ ನಿಂತವಳಲ್ಲ, ಅಪ್ಪನೇ ಅವಳಿಗೆ "ಚೂಟಿ" ಅಂತ ಹೆಸರಿಟ್ಟ. ಅವಳು ಫೋನಿನಲ್ಲಿ ತಾತನ ತಲೆ ತಿನ್ನುತ್ತಿದ್ದದ್ದು ಒಂದೇ ವಿಷಯಕ್ಕೆ, ನಾಲ್ಕನೇ ನಂಬರಿನ ಜಾರುಬಂಡೆ. ಅದು ಪೂರ್ತಿ ಮುಚ್ಚಿದ ನೀಲಿ ಕೊಳವೆ, ಒಳಗೆ ಕತ್ತಲು, ಮೂರು ತಿರುವು. ಒಂಬತ್ತು ವರ್ಷ ತುಂಬದೆ ಅದಕ್ಕೆ ಬಿಡುತ್ತಿರಲಿಲ್ಲ. "ನಿನಗೆ ಒಂಬತ್ತು ಆಗಲಿ ಮರಿ. ಅವತ್ತು ಮೊದಲು ತಾತ ಜಾರ್ತೀನಿ, ನನ್ನ ಹಿಂದೆ ನೀನು. ಆಮೇಲೇ ಉಳಿದ ಪ್ರಪಂಚ" ಅಂತ ಅಪ್ಪ ಮಾತು ಕೊಟ್ಟಿದ್ದ.

ಅವಳಿಗೆ ಒಂಬತ್ತು ತುಂಬಿತು, ನಾವು ಹೊರಟೆವು. ನಮ್ಮ ಮನೆಯಲ್ಲಿ ಯಾರಾದರೂ ಬರೀ ರಜೆ ಕಳೆಯಲು ವಿಮಾನ ಹತ್ತಿದ್ದು ಅದೇ ಮೊದಲು. ಅಮ್ಮನಿಗೆ ಮಂಡಿನೋವು, ಬರಲಿಲ್ಲ. ನಾನು, ನನ್ನ ಗಂಡ, ಚೂಟಿ. ನನ್ನ ಟೈಲರಿಂಗ್ ಅಂಗಡಿಗೆ ಹತ್ತು ದಿನ ಬೀಗ ಹಾಕಿದೆ. ಅಪ್ಪನಿಗೆ ಅಂತ ಒಂದು ಈಜುವ ಅಂಗಿ ಕೊಂಡಿದ್ದೆ. ರಬ್ಬರಿನಂಥ ದಪ್ಪ ಬಟ್ಟೆ, ತುಂಬುತೋಳು, ಕಡುನೀಲಿ ಬಣ್ಣ. ಮುಳುಗುವವರು ತಣ್ಣೀರಿನಲ್ಲಿ ಹಾಕಿಕೊಳ್ಳುವಂಥದ್ದು. ಬೆಳ್ಳಂಬೆಳಿಗ್ಗೆ ತಣ್ಣೀರಿನಲ್ಲಿ ಬರಿಮೈಯಲ್ಲಿ ಜಾರುವ ಅಪ್ಪನಿಗೆ ಇನ್ನಾದರೂ ಬೆನ್ನು ಬೆಚ್ಚಗಿರಲಿ ಎಂಬ ಆಸೆ.

ಅಪ್ಪ ನಮ್ಮನ್ನು ಪಾರ್ಕಿನ ಹತ್ತಿರದ ಒಂದು ಚಿಕ್ಕ ಹೋಟೆಲಿನಲ್ಲಿ ಇಳಿಸಿದ್ದ. ಅವನು ಇದ್ದದ್ದು ಕೆಲಸಗಾರರ ಕಟ್ಟಡದ ಮೂರನೇ ಮಹಡಿಯಲ್ಲಿ. ಎರಡನೇ ದಿನ, ಅವನು ಕೆಲಸಕ್ಕೆ ಹೋಗಿದ್ದಾಗ, ಬೀಗದ ಕೈ ಈಸಿಕೊಂಡು ಒಬ್ಬಳೇ ಅವನ ಕೋಣೆಗೆ ಹೋದೆ. ಅವನಿಗೊಂದು ಊಟ ಮಾಡಿಡೋಣ, ಹಾಗೇ ಕೋಣೆ ಗುಡಿಸೋಣ ಅಂತ. ನನ್ನ ಕೈಗೆ ಪೊರಕೆ ಸಿಕ್ಕಿದರೆ ಮುಗಿಯಿತು, ನನ್ನ ಗಂಡನೇ ಹೇಳುವ ಹಾಗೆ, ಮನೆಯಲ್ಲಿ ಮನುಷ್ಯರೂ ಎಚ್ಚರವಾಗಿರಬೇಕು.

ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ. ಒಂದು ಅಪ್ಪನದು, ಇನ್ನೊಂದು ಪಂಪು ನೋಡಿಕೊಳ್ಳುವವರದು. ಕಿಟಕಿಯ ಪಕ್ಕ ಒಂದೇ ಉರಿಯ ಒಲೆ. ಗೋಡೆಗೆ ಸಾಲಾಗಿ ಆರು ಮೊಳೆ, ಮೊಳೆಗೊಂದರಂತೆ ಆರು ಹಳೇ ಬನಿಯನ್ನು. ಬೆಳಗಿನ ಜಾರಾಟ ಮುಗಿಸಿ ಬಂದು ಒಗೆದು ಒಣಹಾಕಿದ್ದ. ಒಗೆದು ಒಗೆದು ಸೊಳ್ಳೆಪರದೆಯಷ್ಟು ತೆಳ್ಳಗಾಗಿದ್ದವು. ಬೆನ್ನಿನ ಭಾಗದಲ್ಲಿ ಅಲ್ಲಲ್ಲಿ ನೂಲು ಕಿತ್ತುಬಂದು ಜೋತುಬಿದ್ದಿತ್ತು. ಒಂದೊಂದರ ಅಂಚಿನಲ್ಲೂ ನೀಲಿ ಇಂಕಿನಲ್ಲಿ ಒಂದು, ಎರಡು, ಮೂರು ಅಂತ ನಂಬರು. ಲಾಂಡ್ರಿಯ ಗುರುತು ಅಂದುಕೊಂಡೆ. ಬಟ್ಟೆ ನೋಡಿಯೇ ಹೊಟ್ಟೆ ಹೊರೆಯುವವಳು ನಾನು, ಹರಿದ ನೂಲು ಹೇಗೆ ಹರಿದಿದೆ ಅಂತ ನೋಡಿ ಅದು ಮೊಳೆಗೆ ಸಿಕ್ಕಿದ್ದೋ ತಂತಿಗೆ ಸಿಕ್ಕಿದ್ದೋ ಎಂದು ಗಿರಾಕಿಗೆ ಹೇಳುವವಳು. ಅವತ್ತು ಆ ಕಣ್ಣು ಎಲ್ಲಿ ಹೋಗಿತ್ತೋ ಕಾಣೆ. ನಮಗೆಲ್ಲ ಪೆಟ್ಟಿಗೆಗಟ್ಟಲೆ ಹೊಸ ಬಟ್ಟೆ ಕಳಿಸಿ, ತಾನು ಇಂಥ ಚಿಂದಿ ತೊಟ್ಟುಕೊಂಡಿದ್ದಾನಲ್ಲ ಅಂತ ಅಳು ಬಂತು, ಸಿಟ್ಟೂ ಬಂತು. ಆರನ್ನೂ ಮುದ್ದೆ ಮಾಡಿ ಒಂದು ಪ್ಲಾಸ್ಟಿಕ್ ಕವರಿಗೆ ತುರುಕಿ ವರಾಂಡದ ಕೊನೆಯ ಕಸದ ಬುಟ್ಟಿಗೆ ಹಾಕಿದೆ. ನೀಲಿ ಅಂಗಿಯನ್ನು ಮಡಚಿ ದಿಂಬಿನ ಮೇಲಿಟ್ಟೆ.

ಸಂಜೆ ಅಪ್ಪ ಬಂದ. ಬಾಗಿಲಲ್ಲೇ ನಿಂತು ಗೋಡೆ ನೋಡಿದ, ಆರು ಮೊಳೆ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಆ ಚಿಂದಿನೆಲ್ಲ ಬಿಸಾಕಿದೆ ಅಪ್ಪ. ಯಾರಾದ್ರೂ ನೋಡಿದ್ರೆ ಮಕ್ಕಳಿಲ್ಲದವರು ಅಂದ್ಕೋಬೇಕು ಅಷ್ಟೆ. ನಾಳೆಯಿಂದ ಇದನ್ನ ಹಾಕ್ಕೋ" ಅಂತ ಅಂಗಿ ಬಿಡಿಸಿ ತೋರಿಸಿದೆ.

ಅವನು ಅದನ್ನು ಕೈಯಲ್ಲಿ ಹಿಡಿದು ದಪ್ಪ ನೋಡಿದ. "ಚೆನ್ನಾಗಿದೆ ಕಣಮ್ಮ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಕೋಣೆ ಲಕ್ಷಣವಾಗಿದೆ" ಅಂದ. ಊಟ ಮಾಡಿದ. ನನ್ನನ್ನು ಹೋಟೆಲಿನವರೆಗೂ ಬಿಟ್ಟುಹೋದ. ಬನಿಯನ್ನಿನ ಮಾತೇ ಎತ್ತಲಿಲ್ಲ.

ಮರುದಿನವೇ ನಾಲ್ಕನೇ ನಂಬರಿನ ದಿನ. ಸೂಪರ್‌ವೈಸರ್ ನಮ್ಮ ಕಡೆಯವರೇ. ಬೆನ್ನು ಮೇಷ್ಟ್ರ ಮೊಮ್ಮಗಳು ಅಂತ ವಿಶೇಷ ಅನುಮತಿ ಕೊಟ್ಟು, ಬಾಗಿಲು ತೆರೆಯುವ ಮೊದಲೇ ನಮ್ಮನ್ನು ಒಳಗೆ ಬಿಟ್ಟಿದ್ದರು. ಜನವಿಲ್ಲದ ವಾಟರ್ ಪಾರ್ಕು ನೋಡಿದ್ದು ನಾನು ಅದೇ ಮೊದಲು. ಕುರ್ಚಿಗಳೆಲ್ಲ ತಲೆಕೆಳಗಾಗಿ ಮೇಜಿನ ಮೇಲೆ, ನೀರಿಗೆ ಔಷಧಿಯ ಘಾಟು, ಪಂಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅಪ್ಪ ನೀಲಿ ಅಂಗಿ ತೊಟ್ಟು ಒಂದನೇ ನಂಬರು ಹತ್ತಿದ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮಲಗಿ ಜಾರಿ ಬಂದ. ಎದ್ದು ನಿಂತವನೇ ಅಂಗಿ ಬಿಚ್ಚಿ, ಬೆನ್ನಿನ ಭಾಗವನ್ನು ಬಿಸಿಲಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದ. ಅಂಗೈಯಿಂದ ಸವರಿದ. ಮತ್ತೆ ತೊಟ್ಟುಕೊಂಡು ಎರಡನೆಯದಕ್ಕೆ ಹೋದ. ಪ್ರತಿಸಲವೂ ಹಾಗೇ. ನಾಲ್ಕನೇ ನಂಬರನ್ನು ಮಾತ್ರ ಎರಡು ಸಲ ಜಾರಿದ, ಎರಡು ಸಲವೂ ಅಂಗಿ ಬಿಚ್ಚಿ ನೋಡಿದ. ನನ್ನ ಉಡುಗೊರೆಯನ್ನು ಮೆಚ್ಚಿಕೊಳ್ಳುತ್ತಿದ್ದಾನೆ ಅಂದುಕೊಂಡು ನಾನು ಗಂಡನಿಗೆ, "ನೋಡಿ, ಎಷ್ಟು ಹಿಡಿಸಿಬಿಟ್ಟಿದೆ" ಅಂದೆ. ಈಗಲೂ ಆ ಮಾತು ನೆನಪಾದರೆ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ.

ರಿಜಿಸ್ಟರು ತೆರೆದು ಅಪ್ಪ ಆರು ಸಲ "ಸರಿ" ಎಂದು ಬರೆದ. ನಾಲ್ಕನೆಯದರ ಮುಂದೆ ಪೆನ್ನು ಕೊಂಚ ಹೊತ್ತು ನಿಂತಿತು. ಚೂಟಿ ಪಕ್ಕದಲ್ಲೇ ಕುಣಿಯುತ್ತಾ, "ತಾತಾ, ಬೇಗ ಬೇಗ" ಅನ್ನುತ್ತಿದ್ದಳು. ಸಹಿ ಹಾಕಿದ.

ಹತ್ತು ಗಂಟೆಗೆ ಬಾಗಿಲು ತೆರೆಯಿತು. ಹತ್ತು ನಿಮಿಷದಲ್ಲಿ ಮೆಟ್ಟಿಲ ತುಂಬ ಜನ. ಎಂಟು ಜನರ ಒಂದು ದೊಡ್ಡ ಸಂಸಾರ, ಎಲ್ಲರಿಗೂ ಒಂದೇ ಥರದ ಹಳದಿ ಟೀಶರ್ಟು, ಯಾವ ದೇಶದವರೋ, ಅಜ್ಜಿಯೊಬ್ಬಳು ಕೆಳಗೆ ನಿಂತು ಎಲ್ಲರ ಕನ್ನಡಕ ಚಪ್ಪಲಿ ಹಿಡಿದುಕೊಂಡಿದ್ದಳು. ಆದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಚೂಟಿ. ಅಪ್ಪ ಕೆಳಗೆ ಕೊಳವೆಯ ಬಾಯಿಯ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ನಿಂತ.

ಮೇಲಿನಿಂದ ಕೂಗು ಕೇಳಿತು. ಕೊಳವೆಯೊಳಗೆ ಅವಳ ಕಿರುಚಾಟ ತಿರುವು ತಿರುವಿಗೆ ಹತ್ತಿರವಾಯಿತು. ದಬಕ್ಕೆಂದು ನೀರಿಗೆ ಬಿದ್ದಳು, ಎದ್ದಳು, ಮುಖ ತುಂಬ ನಗು. "ಅಮ್ಮಾ, ಇನ್ನೊಂದ್ಸಲ!" ಅಂತ ಮೆಟ್ಟಿಲ ಕಡೆ ಓಡಲು ತಿರುಗಿದಳು. ಆಗ ಅವಳ ಬೆನ್ನು ನಮ್ಮ ಕಡೆಯಾಯಿತು. ಈಜುಡುಪು ಭುಜದಿಂದ ಸೊಂಟದವರೆಗೆ ಸೀಳಿತ್ತು. ಅದರೊಳಗೆ ಕೆಂಪಗೆ ಒಂದು ಗೆರೆ, ನೋಡನೋಡುತ್ತಿದ್ದಂತೆ ಆ ಗೆರೆ ದಪ್ಪವಾಯಿತು, ಕಾಲಿನ ಸುತ್ತ ನೀರು ಬಣ್ಣವಾಯಿತು. ಅವಳಿಗಿನ್ನೂ ನೋವೇ ಗೊತ್ತಾಗಿರಲಿಲ್ಲ.

ನಾನು ಮಗಳ ಕಡೆ ಓಡಿದೆ. ಅಪ್ಪ ಓಡಲಿಲ್ಲ. ಮೇಲೆ ನೋಡಿ ಎರಡೂ ಕೈ ಎತ್ತಿ ಅಡ್ಡಡ್ಡ ಹಿಡಿದು, ಗಂಟಲು ಬಿರಿಯುವಂತೆ "ನಿಲ್ಸೋ! ನಿಲ್ಸೋ!" ಅಂತ ಕೂಗಿದ. ಮೇಲೆ ಹಳದಿ ಟೀಶರ್ಟಿನವನೊಬ್ಬ ಹತ್ತು ವರ್ಷದ ಮಗನನ್ನು ಮುಂದೆ ಕೂರಿಸಿಕೊಂಡು ಕೊಳವೆಯ ಬಾಯಲ್ಲಿ ಆಗಲೇ ಕೂತಿದ್ದ. ಮೇಲಿನ ಕೆಲಸಗಾರ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ. ಆ ಮನುಷ್ಯ ಸಿಟ್ಟಿನಿಂದ ಏನೋ ಬೈಯುತ್ತಿದ್ದದ್ದು ನಮಗೆ ಕೆಳಗೆ ಕೇಳಿಸುತ್ತಿತ್ತು. ಬೈಯಲಿ, ಪಾಪ.

ಪಾರ್ಕಿನ ನರ್ಸು ಏಳು ಹೊಲಿಗೆ ಹಾಕಿದಳು. ಚೂಟಿ ನನ್ನ ಸೊಂಟ ತಬ್ಬಿ ಬಿಕ್ಕುತ್ತಿದ್ದಳು. ಅಪ್ಪ ಮೂಲೆಯ ಸ್ಟೂಲಿನ ಮೇಲೆ, ಆ ನೀಲಿ ಅಂಗಿಯಲ್ಲೇ, ನೀರು ತೊಟ್ಟಿಕ್ಕುತ್ತಾ ಕೂತಿದ್ದ. ಸೂಪರ್‌ವೈಸರ್ ರಿಜಿಸ್ಟರು ಹಿಡಿದುಕೊಂಡು ಬಂದರು.

"ಮೂರನೇ ತಿರುವು ಮೇಷ್ಟ್ರೇ. ಅಂಚು ಎದ್ದಿದೆ. ಬಿಸಿಲಿಗೆ ಈಗಷ್ಟೇ ಎದ್ದಿರುತ್ತೆ ಬಿಡಿ, ನೀವು ಜಾರಿದ್ದು ಬೆಳಿಗ್ಗೆ." ಅವರು ದನಿ ತಗ್ಗಿಸಿದರು. "ಹಾಗೇ ಬರೀತೀನಿ. ಗಾಯ ಆಗಿರೋದು ನಿಮ್ಮ ಮನೆ ಮಗೂಗೆ, ದೂರು ಕೊಡೋರು ಯಾರೂ ಇಲ್ಲ. ಇವತ್ತೇ ರಿಪೇರಿ ಮಾಡಿಸ್ತೀನಿ. ನಿಮ್ಮ ಹೆಸರಿಗೆ ಮಸಿ ಹತ್ತಲ್ಲ."

ನನ್ನ ಗಂಡ ತಲೆಯಾಡಿಸಿದರು. ನಾನೂ ಹೌದು ಅನ್ನುವ ಹಾಗೆ ಅಪ್ಪನನ್ನು ನೋಡಿದೆ. ಇಪ್ಪತ್ತೆರಡು ವರ್ಷದ ಹೆಸರು, ಯಾರಿಗೂ ಬೇಡ ಅನಿಸದ ದಾರಿ ಅದು.

ಅಪ್ಪ ಎದ್ದ. "ಬೆಳಿಗ್ಗೇನೂ ಎದ್ದಿತ್ತೇನೋ ಸಾರ್. ನನಗೆ ಗೊತ್ತಾಗಲಿಲ್ಲ."

"ಅಂದ್ರೆ?"

ಅಪ್ಪ ಅಂಗಿ ಬಿಚ್ಚಿ ಅವರಿಗೆ ಬೆನ್ನು ಮಾಡಿ ನಿಂತ. "ಪೆನ್ನು ತಗೊಂಡು ಚುಚ್ಚಿ."

"ಮೇಷ್ಟ್ರೇ, ಏನಿದು, ಮಕ್ಕಳ ಮುಂದೆ..."

"ಚುಚ್ಚಿ ಸಾರ್."

ಸೂಪರ್‌ವೈಸರ್ ನನ್ನ ಮುಖ ನೋಡಿದರು, ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಅಪ್ಪನ ಬೆನ್ನಿನ ನಡುವೆ ಮೆಲ್ಲಗೆ ಒತ್ತಿದರು. ಅಪ್ಪ ಗೋಡೆ ನೋಡುತ್ತಾ ನಿಂತಿದ್ದ. ಇನ್ನೊಂದು ಕಡೆ ಒತ್ತಿದರು. ಮತ್ತೊಂದು ಕಡೆ, ಜೋರಾಗಿ. ನಾಲ್ಕನೇ ಸಲ ಒತ್ತಿದಾಗ ಚರ್ಮ ಒಳಗೆ ಹೋದದ್ದು ನನಗೆ ಕಾಣಿಸಿತು.

"ಸಂಕೋಚ ಬೇಡ, ಚುಚ್ಚಿ" ಅಂದ ಅಪ್ಪ.

ಸೂಪರ್‌ವೈಸರ್ ಪೆನ್ನನ್ನು ಜೇಬಿಗೆ ಇಟ್ಟುಕೊಂಡರು. ಅಪ್ಪನ ಬೆನ್ನ ಮೇಲೆ ನಾಲ್ಕು ನೀಲಿ ಚುಕ್ಕೆ ಇದ್ದವು. ನರ್ಸು ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು.

"ಎಷ್ಟು ದಿನದಿಂದ?" ಅಂತ ಕೊನೆಗೆ ಕೇಳಿದರು.

"ಎರಡು ವರ್ಷ ಆಯ್ತು. ಮೊದಮೊದಲು ಜೋಮು ಅಂದ್ಕೊಂಡೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೇಳಲಿಲ್ಲ. ತಪ್ಪು ನಂದೇ."

"ಎರಡು ವರ್ಷದಲ್ಲಿ ಒಂದು ಮಗೂಗೂ ಒಂದು ಗೀರು ಆಗಿಲ್ಲ. ಹೇಗೆ ಮೇಷ್ಟ್ರೇ?"

"ಬನಿಯನ್ನು" ಅಂದ ಅಪ್ಪ. "ತೆಳ್ಳಗೆ ಸವೆದಿರೋ ಬನಿಯನ್ನು. ಯಾಕೆ ಅಂದವರಿಗೆ ಚಳಿ ಅಂತಿದ್ದೆ. ಒಂದೊಂದು ಜಾರುಬಂಡೆಗೂ ಒಂದೊಂದು, ನಂಬರ್ ಬರ್ಕೊಂಡಿದ್ದೆ. ಕೂದಲೆಳೆಯಷ್ಟು ಅಂಚು ಎದ್ದಿದ್ರೂ ನೂಲು ಸಿಕ್ಕಿಹಾಕ್ಕೊಳ್ಳುತ್ತೆ. ಕೆಳಗೆ ಬಂದು ಬಿಚ್ಚಿ ನೋಡೋದು. ಹೊಸದಾಗಿ ನೂಲು ಕಿತ್ತಿದ್ರೆ ಟಾರ್ಚ್ ಹಿಡಿದು ಒಳಗೆ ಹೋಗಿ ಹುಡುಕೋದು. ಬೆನ್ನು ಹೇಳದೇ ಇರೋದನ್ನ ನೂಲು ಹೇಳ್ತಿತ್ತು."

ಮಗಳ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಮತ್ತೆ ಇವತ್ತು?"

ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. "ಇವತ್ತು ಮೊಮ್ಮಗಳು ಬಂದಿರೋ ಸಂಭ್ರಮ. ಬನಿಯನ್ನು ಹಾಕ್ಕೊಳ್ಳೋದು ಮರೆತೆ."

ಸೂಪರ್‌ವೈಸರ್ ಅದನ್ನು ಹಾಗೇ ಬರೆದುಕೊಂಡರು: ಮರೆತರು. ಅಪ್ಪ ಅದರ ಕೆಳಗೆ ಸಹಿ ಹಾಕಿದ. ಆಮೇಲೆ ಅದೇ ಪೆನ್ನಿನಲ್ಲಿ ಬೆಳಗಿನ ಪುಟ ತೆಗೆದು ಆರು "ಸರಿ"ಗಳನ್ನೂ ಒಂದೊಂದಾಗಿ ಹೊಡೆದುಹಾಕಿದ. ಆರೂ ಜಾರುಬಂಡೆಗಳನ್ನು ಬೇರೆಯವರು ಜಾರಿ ನೋಡುವವರೆಗೂ ಮುಚ್ಚಿದರು. ಹಳದಿ ಟೀಶರ್ಟಿನ ಸಂಸಾರ ಅಜ್ಜಿಯಿಂದ ಚಪ್ಪಲಿ ಈಸಿಕೊಂಡು ಚಿಕ್ಕ ಮಕ್ಕಳ ಕೊಳದ ಕಡೆ ಹೋಯಿತು.

ನಾನು ಆಗ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಎರಡು ವರ್ಷ ಮುಚ್ಚಿಟ್ಟವನು ಒಂದೇ ಉಸಿರಿಗೆ ತನ್ನದೆಲ್ಲ ಹೇಳಿಬಿಟ್ಟ, ನಾನು ಇಪ್ಪತ್ತು ನಿಮಿಷದಲ್ಲಿ ಒಂದು ಮಾತು ಹೇಳಲಾರದೆ ಹೋದೆ. ಆ ಸಂಜೆ ವರಾಂಡದ ಬುಟ್ಟಿ ನೋಡಲು ಓಡಿದೆ. ಖಾಲಿಯಾಗಿತ್ತು.

ಅಪ್ಪನನ್ನು ಟವೆಲ್ ಕೊಡುವ ಕೌಂಟರಿಗೆ ಹಾಕಿದರು. ಐದು ತಿಂಗಳು ಅಲ್ಲಿ ನಿಂತು ಊರಿಗೆ ಬಂದುಬಿಟ್ಟ. ಬೆನ್ನುಮೂಳೆಯ ಒಳಗೆ ನರ ಜಜ್ಜಿಹೋಗಿದೆ, ಇನ್ನು ಚೇತರಿಸಿಕೊಳ್ಳುವುದಿಲ್ಲ ಅಂದರು ಡಾಕ್ಟರು. ಊರಲ್ಲಿ ಅವನು ಸುಮ್ಮನೆ ಕೂತವನಲ್ಲ. ನನ್ನ ಅಂಗಡಿಗೆ ಬಂದು ಗುಂಡಿ ಹೊಲಿಯುತ್ತಿದ್ದ, ಕಾಜ ಹಾಕುತ್ತಿದ್ದ. ಬಂದ ಬಟ್ಟೆಯನ್ನೆಲ್ಲ ಬೆಳಕಿಗೆ ಹಿಡಿದು ತಿರುಗಿಸಿ ನೋಡುವ ಅಭ್ಯಾಸ ಮಾತ್ರ ಬಿಡಲಿಲ್ಲ. ಹಾಗೆ ನೋಡುವಾಗಲೆಲ್ಲ ನಾನು ಹೊಲಿಗೆಯ ಯಂತ್ರದ ಕಡೆ ತಲೆ ಬಗ್ಗಿಸುತ್ತಿದ್ದೆ.

ಮೂರು ವರ್ಷ ಹೀಗೇ ಕಳೆಯಿತು. ಅಮ್ಮನ ಕೈಗೆ ಆಗುವುದಿಲ್ಲವೆಂದು ಈಗ ಅವನ ಬೆನ್ನಿಗೆ ಮುಲಾಮು ಹಚ್ಚುವುದು ನಾನೇ. ಅಲ್ಲಿ ಚರ್ಮ ಒಡೆದರೂ ಅವನಿಗೆ ಗೊತ್ತಾಗುವುದಿಲ್ಲ, ಅದಕ್ಕೆ ದಿನವೂ ನೋಡಬೇಕು. ಒಂದು ಭಾನುವಾರ ಬೆಳಿಗ್ಗೆ, ಹನ್ನೆರಡು ವರ್ಷದ ಚೂಟಿ ಅಂಗಳದಲ್ಲಿ ಸೈಕಲ್ ತುಳಿಯುತ್ತಿದ್ದಳು. ಅವಳ ಬೆನ್ನಿನ ಬಿಳಿ ಗೆರೆ ಕುತ್ತಿಗೆಯ ಕೆಳಗಿನಿಂದ ಇಣುಕುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅವಳನ್ನೇ ನೋಡುತ್ತಿದ್ದ. ಮುಖ ನೋಡಿ ಹೇಳಲು ಆಗದ ಮಾತನ್ನು ನಾನು ಅವನ ಬೆನ್ನಿಗೆ ಹೇಳಿದೆ.

"ಅಪ್ಪ, ನೀನು ಮರೆತಿರಲಿಲ್ಲ. ಬನಿಯನ್ನು ಬಿಸಾಕಿದ್ದು ನಾನು. ಅವತ್ತು ಹೇಳೋಕೆ ಧೈರ್ಯ ಬರಲಿಲ್ಲ."

ಅವನು ತಿರುಗಲಿಲ್ಲ. "ಅಂಗಿ ತಂದು ಕೊಟ್ಟವಳು ನೀನು, ತಪ್ಪನ್ನ ನಿನ್ನ ಮೇಲೆ ಯಾಕೆ ಹಾಕ್ಲಿ?"

"ಹಾಕ್ಬೇಕಿತ್ತು. ನನ್ನಿಂದಾನೇ ಆಗಿದ್ದು."

"ಇಲ್ಲ ಕಣೆ." ಅಂದ. "ಅವತ್ತು ಸಂಜೆ ನಿನ್ನ ಹೋಟೆಲಿಗೆ ಬಿಟ್ಟು ಬಂದ್ನಲ್ಲ, ವರಾಂಡದ ಬುಟ್ಟೀನ ಕೆಳಗೆ ಇಳಿಸೋ ಸರದಿ ನಮ್ಮ ಕೋಣೇದು. ನಾನೇ ಇಳಿಸ್ದೆ. ಕವರ್ ಮೇಲ್ಗಡೇನೇ ಇತ್ತು. ನಂಬರೂ ಕಾಣ್ತಿತ್ತು."

ನನ್ನ ಕೈ ನಿಂತಿತು. "ಮತ್ತೆ ಯಾಕೆ ತಗೊಳ್ಳಲಿಲ್ಲ?"

"ಕೈ ಹಾಕ್ದೆ. ಬೆಳಿಗ್ಗೆ ನಿನ್ನ ಅಂಗಿ ಬಿಟ್ಟು ಆ ಚಿಂದಿ ಹಾಕ್ಕೊಂಡು ಬಂದ್ರೆ ನಿನ್ನ ಮುಖ ಸಣ್ಣದಾಗುತ್ತಲ್ಲ ಅನ್ನಿಸ್ತು. ಅಷ್ಟು ದೂರದಿಂದ ಬಂದಿದ್ದೀಯ. ಒಂದೇ ದಿನ ತಾನೆ ಅಂದ್ಕೊಂಡು ಬಿಟ್ಟೆ." ಅಂಗಳದಲ್ಲಿ ಚೂಟಿ ಸೈಕಲ್ಲಿನ ಗಂಟೆ ಬಾರಿಸಿದಳು. "ಇಪ್ಪತ್ತೆರಡು ವರ್ಷ ಯಾರ್ಯಾರದೋ ಮಕ್ಕಳನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ. ನಮ್ಮ ಮಗು ಬಂದ ದಿನ ಒಂದೇ ದಿನ ಅಂದ್ಬಿಟ್ಟೆ."

ಎರಡೂ ಅಂಗೈಗಳನ್ನು ಅವನ ಬೆನ್ನ ಮೇಲೆ ಅಗಲವಾಗಿ ಇಟ್ಟು, ಒತ್ತಿ ಹಿಡಿದುಕೊಂಡೆ. ಕಣ್ಣೀರು ಕೆನ್ನೆಯಿಂದಿಳಿದು ಅವನ ಬೆನ್ನ ಮೇಲೇ ಬಿತ್ತು. ಸುಮಾರು ಹೊತ್ತು ಹಾಗೇ ಇದ್ದೆ.

ಅಪ್ಪ ಕತ್ತು ತಿರುಗಿಸದೆ ಕೇಳಿದ, "ಹೊರಟು ಹೋದ್ಯೇನಮ್ಮಾ?"